ಕುಂಕುಮದ ಜಾಕು

ಆ ಹಳೇ ಕಾರು ಜಾಕಿನಿಂದ ಜಾರಿ ಅಪ್ಪನ ಮೇಲೆ ಬಿದ್ದು, ಅವನು ಸತ್ತು ಹನ್ನೆರಡು ವರ್ಷವಾಗಿತ್ತು. ಮಗಳು ಅದೇ ಕಾರನ್ನು ಆಗ ಅದನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯ ಷೆಡ್ಡಿಗೆ ತಂದು ಎರಡು ಜಾಕು ಇಳಿಸಿದಳು. ಒಂದು, ಅವತ್ತು ಮೇಸ್ತ್ರಿ ಅಪ್ಪನಿಗೆ ಕೊಟ್ಟಿದ್ದು, ಜಾರಿದ್ದು. ಇನ್ನೊಂದು ಮನೆಯ ಅಟ್ಟದಲ್ಲಿ ಸಿಕ್ಕಿದ್ದು. ಅದರ ಮೇಲೆ ಅಪ್ಪ ವರ್ಷವರ್ಷ ಮಾಡುತ್ತಿದ್ದ ಆಯುಧಪೂಜೆಯ ಕುಂಕುಮ ಪದರಗಟ್ಟಿತ್ತು.

"ಕಾರಿನ ಜೊತೆ ಬಂದ ಅಸಲಿ ಜಾಕು ಯಾವುದು ಮಾಮ?"

ಮೇಸ್ತ್ರಿ ಅವತ್ತು ಜಾರಿದ್ದನ್ನೇ ಮುಟ್ಟಿದ. "ಇದೇ ಕಣವ್ವ. ಗೊತ್ತಿಲ್ದೆ ಕೊಡ್ತೀನಾ? ಶಿವನಿಚ್ಛೆ, ನಾವೇನು ಮಾಡೋಕಾಯ್ತದೆ?"

"ಸರಿ ಮಾಮ. ಕೆಳಗೆ ಎಣ್ಣೆ ಸೋರ್ತಾ ಐತೆ. ಇದರಲ್ಲೇ ಎತ್ತಿ, ಕಾರಿನಡಿ ಮಲಗಿ ನೋಡು."

ಮೇಸ್ತ್ರಿ ಕಾರನ್ನೆತ್ತಿದ. ಗೋಣಿತಾಟು ಹಾಸಿದ. ಗೋಡೆಯ ಮೇಲಿದ್ದ ದೇವರ ಪಟಕ್ಕೆ ಕೈಮುಗಿದು ತುಂಬಾ ಹೊತ್ತು ನಿಂತ. ಆಮೇಲೆ ಕಾರನ್ನು ಮೆಲ್ಲಗೆ ಇಳಿಸಿ, ಕುಂಕುಮದ ಜಾಕನ್ನು ಎಳೆದುಕೊಂಡ.