ಚಪ್ಪಟೆಯಾಗದ ಪೈಪು

ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಹಾವೇರಿಯ ಪೈಪಿನಂಗಡಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಗಳಗನಾಥದ ಹೊಳೆಯಲ್ಲಿ ನಮ್ಮದೊಂದು ಡೀಸೆಲ್ ದೋಣಿಯಿತ್ತು. ಅಬ್ಬಾನ ತಮ್ಮ, ನನ್ನ ಚಾಚಾ, ಅದನ್ನು ನಡೆಸುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ದೋಣಿಯೊಳಗೆ ನೀರು ತುಂಬಿದಾಗ, ಅದನ್ನು ಹೊರಹಾಕುವ ಪಂಪಿಗೆ ಅಬ್ಬಾ ತಂದು ಹಾಕಿದ್ದ ಮೆತ್ತನೆಯ ಪೈಪು ಚಪ್ಪಟೆಯಾಗಿ ಅಂಟಿಕೊಂಡಿತ್ತು. ಮುಳುಗಿದ ದೋಣಿಯನ್ನು ಆಮೇಲೆ ಮೇಲೆತ್ತಿದರು. ಚಾಚಾ ಬದುಕಿ ಬರಲಿಲ್ಲ.

ಅದೇ ದೋಣಿಗೆ ಹೊಸ ಪೈಪು ಕೊಳ್ಳಲು ಅಬ್ಬಾ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಂಗಡಿಯವರು ಹಸಿರು ಪೈಪು ಬಿಚ್ಚಿದರು. "ಇದ ತಗೋರಿ, ಹಗರ ಐತಿ, ಹೆಂಗ ಬೇಕಾದ್ರೂ ಬಾಗತೈತಿ."

ಅಬ್ಬಾ ಅದನ್ನು ಎರಡು ಬೆರಳಲ್ಲಿ ಹಿಚುಕಿದರು. ಅದರ ಬಾಯಿ ಮುಚ್ಚಿಕೊಂಡಿತು. "ಬ್ಯಾಡ್ರಿ. ಪಂಪು ನೀರು ಎಳಿಯೂಮುಂದ ಇದು ಕೂಡ್ಕೊಂತೈತಿ. ಒಳಗ ತಂತಿ ಸುತ್ತಿದ್ದು ಕೊಡ್ರಿ."

ಕರಿ ಪೈಪು ಬಂತು. ಅಬ್ಬಾ ಹೆಬ್ಬೆರಳಿನಿಂದ ಒತ್ತಿದರು, ನೆಲಕ್ಕಿಟ್ಟು ಹಿಮ್ಮಡಿಯಿಂದ ತುಳಿದರು. ಅದು ಜಗ್ಗಲಿಲ್ಲ. ಆದರೂ ಅವರು ತುಳಿಯುತ್ತಲೇ ಇದ್ದರು. ಅಂಗಡಿಯವರು ಮೆಲ್ಲಗೆ, "ಸಾಕ್ರಿ, ಗಟ್ಟಿ ಐತ್ರಿ ಅದು" ಎಂದಾಗ ನಾನು ಅಬ್ಬಾನ ಕೈ ಹಿಡಿದುಕೊಂಡೆ.

ಮನೆಯಲ್ಲಿ ಚಾಚಿ ಆ ಪೈಪಿನ ಸುರುಳಿಯನ್ನು ಬಹಳ ಹೊತ್ತು ನೋಡಿದಳು.

"ಇಂಥಾದ್ದು ಆವಾಗೂ ಸಿಗತಿತ್ತೇನು, ಭಾಯಿ?"

ಅಬ್ಬಾ ತಲೆ ಎತ್ತಲಿಲ್ಲ.

"ಸಿಗತಿತ್ತವಾ" ಎಂದರು.