ತಾರೀಕು ಕೇಳಿದವಳು

"ನಲ್ಲೀಲಿ ನೀರು ಯಾವತ್ತು ಬರುತ್ತೆ? ತಾರೀಕು ಹೇಳಿ."

ಮೈಕಿನ ಮುಂದೆ ಮಹಾಲಿಂಗಯ್ಯನವರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. ಗುಬ್ಬಿ ಪಟ್ಟಣ ಪಂಚಾಯಿತಿ ಚುನಾವಣೆ. ನಾಮಪತ್ರಕ್ಕೆ ಇನ್ನೂ ಎರಡು ದಿನವಿತ್ತು, ಕೊಬ್ಬರಿ ವ್ಯಾಪಾರಿ ಮಹಾಲಿಂಗಯ್ಯ ಆಗಲೇ ಪೆಂಡಾಲು ಹಾಕಿಸಿದ್ದರು.

ವೇದಿಕೆಯ ಹಿಂದೆ ಅನಂತರಾಜು ಹಲ್ಲು ಕಚ್ಚಿದ. ಭಾಷಣ ಬರೆದವನು ಅವನೇ. 'ಸಮಗ್ರ ಅಭಿವೃದ್ಧಿಯ ಹೊಸ ಬೆಳಕು', 'ಎಲ್ಲರನ್ನೂ ಒಳಗೊಂಡ ನಾಳೆ'. ಅಂಕಿ ಹಾಕಬಾರದು, ಬೀದಿಯ ಹೆಸರು ಹಾಕಬಾರದು, ತಾರೀಕನ್ನಂತೂ ಸತ್ತರೂ ಹಾಕಬಾರದು. ಇದು ಅವನ ಕಸುಬಿನ ನಿಯಮ. ತುಮಕೂರಿನ ಬಾಡಿಗೆ ಕೋಣೆಯಲ್ಲಿ ಕೂತು ಸೈಟು ಮಾರುವವರಿಗೂ ಓಟು ಕೇಳುವವರಿಗೂ ಹತ್ತು ವರ್ಷದಿಂದ ಇದೇ ಬೂಸಾ ಕಲಸಿಕೊಟ್ಟಿದ್ದ. ಜನ ತಿಂದು ಚಪ್ಪಾಳೆ ತಟ್ಟಿದ್ದರು.

"ತಾಯಿ, ನಿಮ್ಮ ಕಳಕಳಿ ನನ್ನ ಕಳಕಳಿ. ಸೂಕ್ತ ಕಾಲದಲ್ಲಿ..."

"ಸೂಕ್ತ ಕಾಲ ಅಂದ್ರೆ ಸೋಮವಾರವೋ, ಮಂಗಳವಾರವೋ?"

ಜನ ಹೋ ಎಂದು ನಕ್ಕರು. ಕೇಳಿದವಳು ರಂಗಲಕ್ಷ್ಮಮ್ಮ. ಇಸ್ತ್ರಿ ಮುರಿಯದ ಸೀರೆ, ಮುಂದಿನ ಸಾಲು. ಪ್ರಶ್ನೆ ವೇದಿಕೆಗೆ, ಮುಖ ಮಾತ್ರ ಜನರ ಕಡೆಗೆ. ಪಕ್ಕದಲ್ಲಿ ಮಗಳು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದಳು.

ಸಭೆ ಮುಗಿದ ಮೇಲೆ ಮಹಾಲಿಂಗಯ್ಯ ಕೆಂಡವಾದರು. "ಏನ್ಲಾ ಬರ್ದಿದೀಯ? ಒಂದ್ ಹೆಂಗ್ಸು ನನ್ ಮಾನ ಹರಾಜು ಹಾಕ್ಬುಟ್ಲಲ್ಲೋ!"

"ಒಂದು ತಾರೀಕು ಹೇಳ್ಬಿಡಬೇಕಿತ್ತು ಸಾರ್."

"ಹೇಳುದ್ರೆ ಮಾಡ್ಬೇಕಾಗುತ್ತಲ್ಲೋ, ದಡ್ಡ!"

ಅನಂತರಾಜುಗೆ ಈ ಕಸುಬೇ ಸಾಕೆನ್ನಿಸಿತು. ಇಡೀ ಪೆಂಡಾಲಿನಲ್ಲಿ ಬೂಸಾಕ್ಕೆ ಮೂತಿ ಹಾಕದೆ ಇದ್ದವಳು ಅವಳೊಬ್ಬಳೇ. ಅಮೃತೂರಿನ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟರ ಜಾಗ ಖಾಲಿಯಿತ್ತು, ಇವನನ್ನು ಕರೆದೂ ಇದ್ದರು. ಸಂಬಳ ಅರ್ಧಕ್ಕರ್ಧ ಕಡಿಮೆ. ಆದರೇನು, ಆಡಿದ ಮಾತಿಗೆ ಅರ್ಥವಾದರೂ ಇರುತ್ತದೆ. ಅಲ್ಲೇ ನಿಂತು ಶಾಲೆಗೆ ಫೋನು ಮಾಡಿ, ಕೆಲಸಕ್ಕೆ ಬರುತ್ತೇನೆ ಎಂದ. ಮಹಾಲಿಂಗಯ್ಯನವರ ಮುಂಗಡವನ್ನು ಅವರ ಕೈಗೇ ಇಟ್ಟ. ಊರು ಬಿಡುವ ಮೊದಲು ಆಕೆಗೊಂದು ಕೈ ಮುಗಿಯಬೇಕೆನ್ನಿಸಿ ಮನೆ ಹುಡುಕಿಕೊಂಡು ಹೋದ.

"ಆ ಭಾಷಣ ಬರೆದವನು ನಾನೇ ಅಮ್ಮ," ಎಂದ ಹೊಸ್ತಿಲಾಚೆಯೇ ನಿಂತು. ಬೈಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದ.

ರಂಗಲಕ್ಷ್ಮಮ್ಮನ ಮುಖ ಅರಳಿತು. "ನೀವೇನಾ? ನಿಮ್ಮನ್ನೇ ಹುಡುಕ್ಸ್ತಿದ್ದೆ, ಬನ್ನಿ ಕೂತ್ಕಳಿ."

ಮಗಳಿಗೆ ಕಾಫಿ ಹೇಳಿ, ದನಿ ತಗ್ಗಿಸಿದಳು.

"ನಾಳಿದ್ದು ನಾನೂ ನಾಮಿನೇಷನ್ ಹಾಕ್ತಿದೀನಿ. ನಂಗೂ ಅಂಥದ್ದೇ ಒಂದು ಬರ್ಕೊಡಿ, ತಾರೀಕು ಗೀರೀಕು ಮಾತ್ರ ಬ್ಯಾಡ."