ಅಪ್ಪ ಹಾಕಿಸಿದ ವಾಷರ್

"ಶಬ್ದ ಈಗ ಹೆಂಗಿದ್ಯೋ ಹಂಗೇ ಇರ್ಲಿ. ಓಟ ಮಾತ್ರ ಕಮ್ಮಿ ಆಗ್ಬೇಕು. ಹಂಗೆ ಮಾಡಕ್ ಆಗ್ತದಾ ಮಾರಾಯ?"

ರವೀಂದ್ರನ ಪ್ರಶ್ನೆಗೆ ಮೆಕ್ಯಾನಿಕ್ ಋಷಭ್ ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟು ನಕ್ಕೇಬಿಟ್ಟ. ಹೊಸನಗರ ಬಸ್ ಸ್ಟ್ಯಾಂಡಿನ ಹಿಂದಿರುವ ಅವನ ಗ್ಯಾರೇಜಿಗೆ ಹಳೇ ಬೈಕು ತಂದವರೆಲ್ಲ ಓಟ ಜಾಸ್ತಿ ಮಾಡು ಅಂತಲೇ ಪ್ರಾಣ ತಿನ್ನುವವರು. ಕಮ್ಮಿ ಮಾಡು ಎಂದು ಬಂದ ಪುಣ್ಯಾತ್ಮ ಇವನೊಬ್ಬನೇ. ಆದರೆ ಎದುರಿಗಿದ್ದ ಮುಖ ಕಂಡು ಅವನ ನಗು ಅರ್ಧಕ್ಕೇ ನಿಂತಿತು.

"ಎಂತ ಆಯ್ತು ರವೀಂದ್ರಣ್ಣ?"

ರವೀಂದ್ರ ಮೊಬೈಲ್ ತೆಗೆದು ವಿಡಿಯೋ ಒಂದನ್ನು ಮುಂದೆ ಹಿಡಿದ. ಸಿಗಂದೂರಿನ ಹೊಸ ಸೇತುವೆ ಮೇಲೆ ಒಂದು ಬೈಕು ಹಾರಿಕೊಂಡು ಹೋಗುತ್ತಿತ್ತು. ಟ್ಯಾಂಕಿಗೆ ಎದೆ ಅಂಟಿಸಿ ಮಲಗಿದ್ದವನು ರವೀಂದ್ರನ ಮಗ ನಿಶಾಂತ್. ಬೈಕೋ, ರವೀಂದ್ರ ತನ್ನ ಮದುವೆಯ ವರ್ಷ ಕೊಂಡ ಟೂ ಸ್ಟ್ರೋಕ್ ಗಾಡಿ. ಓಟ ಹೆಚ್ಚಲೆಂದು ಮಗ ಅದರ ಎಂಜಿನ್ ಬಿಚ್ಚಿಸಿ, ಬೋರ್ ದೊಡ್ಡದು ಮಾಡಿಸಿ, ದೊಡ್ಡ ಪಿಸ್ಟನ್ನು, ದೊಡ್ಡ ಕಾರ್ಬುರೇಟರ್ ಹಾಕಿಸಿಕೊಂಡಿದ್ದ. ಹಾಕಿಕೊಟ್ಟ ಮಹಾಶಯ ಇದೇ ಋಷಭ್. ಆವತ್ತು ಮೀಸೆ ತಿರುವಿದ್ದವನು ಈಗ ಮೊಬೈಲನ್ನು ನೆಟ್ಟಗೆ ನೋಡಲೂ ಇಲ್ಲ.

"ಯಾರೋ ಕಳಿಸಿದ್ರು. ಅವನ ಅಮ್ಮಂಗೆ ತೋರ್ಸಿಲ್ಲ. ತೋರ್ಸಿದ್ರೆ ಊಟ ಬಿಡ್ತಾಳೆ. ನಂಗೆ ಹೆದರಿಕೆ ಆಗ್ತದೆ ಕಣಾ. ಗಾಡಿ ಅಂಗಳಕ್ಕೆ ಬರೋ ತನಕ ಜೀವ ಕೈಲಿ ಹಿಡ್ಕಂಡು ಕೂತಿರ್ತೀನಿ."

"ಅವನಿಗೇ ಹೇಳಿ ಅಣ್ಣ. ಹಳೇ ಸಾಮಾನೇ ವಾಪಸ್ ಕೂರಿಸ್ಕೊಡ್ತೀನಿ."

"ಹೇಳಿದ್ರೆ ಕೇಳೋ ವಯಸ್ಸಾ ಅದು? ನಿನ್ನ ಬಿಟ್ಟು ಶಿವಮೊಗ್ಗಕ್ಕೆ ತಗಂಡು ಹೋಗ್ತಾನೆ. ಅವನಿಗೆ ಗೊತ್ತಾಗ್ದಂಗೆ ಎಂತಾರೂ ಮಾಡು. ಕೇಳಿದ್ರೆ ಎಂಜಿನ್‌ಗೆ ವಯಸ್ಸಾಯ್ತು ಅನ್ನು. ನಮಗಿರೋನು ಅವನೊಬ್ಬ."

ಕಾರ್ಬುರೇಟರ್ ಕ್ಲೀನ್ ಮಾಡಲೆಂದು ನಿಶಾಂತ್ ಬೆಳಗ್ಗೆಯಷ್ಟೇ ಬೈಕನ್ನು ಗ್ಯಾರೇಜಿನಲ್ಲಿ ಬಿಟ್ಟುಹೋಗಿದ್ದ. ಋಷಭ್ ಒಂದಿಷ್ಟು ಹೊತ್ತು ತಲೆ ಕೆರೆದುಕೊಂಡ. ಆಮೇಲೆ ದಪ್ಪ ತಗಡಿನ ಬಿಲ್ಲೆಯೊಂದಕ್ಕೆ ನಡುವೆ ಸಣ್ಣ ತೂತು ಕೊರೆದು ವಾಷರ್ ಮಾಡಿ, ಕಾರ್ಬುರೇಟರಿಗೂ ಎಂಜಿನ್ನಿಗೂ ಮಧ್ಯೆ ಯಾರ ಕಣ್ಣಿಗೂ ಬೀಳದಂತೆ ಕೂರಿಸಿದ. ನಿಧಾನ ಓಡಿಸಿದರೆ ವ್ಯತ್ಯಾಸವೇ ತಿಳಿಯದು. ಆಕ್ಸಿಲರೇಟರ್ ಪೂರ್ತಿ ತಿರುವಿದರೆ ಮಾತ್ರ ಎಂಜಿನ್ನಿಗೆ ಉಸಿರು ಸಾಲದು. ಸ್ಟಾರ್ಟ್ ಮಾಡಿ ನೋಡಿದರು, ಶಬ್ದ ಮೊದಲಿನಂತೆಯೇ ಇತ್ತು. ರವೀಂದ್ರನಿಗೆ ಎಷ್ಟು ನೆಮ್ಮದಿಯಾಯಿತೆಂದರೆ, ಋಷಭ್‌ನ ಎರಡೂ ಕೈ ಹಿಡಿದುಕೊಂಡು, "ನೀನು ನಮ್ಮನೆ ಉಳಿಸ್ದೆ ಕಣಾ" ಎಂದ. ಗ್ರೀಸು ತನ್ನ ಅಂಗಿಗೂ ಮೆತ್ತಿದ್ದನ್ನು ಅವನು ಗಮನಿಸಲಿಲ್ಲ.

ಮರುದಿನ ಬೆಳಗ್ಗೆ ನಿಶಾಂತ್ ಆ ಗಾಡಿಯಲ್ಲೇ ಸಾಗರಕ್ಕೆ ಹೊರಟ. ಅಲ್ಲಿನ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಪೇಟೆಯೊಳಗೆ ಗಾಡಿ ಎಂದಿನಂತೆಯೇ ಓಡಿತು. ಬಟ್ಟೆಮಲ್ಲಪ್ಪ ಊರು ದಾಟಿದ ಮೇಲೆ, ನೇರ ರಸ್ತೆಯಲ್ಲಿ, ಮುಂದಿದ್ದ ಬಸ್ಸನ್ನು ಹಿಂದೆ ಹಾಕಲು ಬಲಕ್ಕೆ ಎಳೆದ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮಂಡಿಯ ಮೇಲಿನಿಂದಲೇ ತೆಗೆದರು. ಜೀವ ಉಳಿದಿದ್ದೇ ಹೆಚ್ಚು ಎಂದರು ಡಾಕ್ಟರು. ಎಚ್ಚರವಾದಾಗ ಮಂಚದ ಪಕ್ಕ ರವೀಂದ್ರ ನಿಂತಿದ್ದ. ಬರುವುದೋ ಬೇಡವೋ ಎಂದು ಒದ್ದಾಡಿ ಕೊನೆಗೂ ಬಂದಿದ್ದ ಋಷಭ್ ಕಾಲ್ದೆಸೆಯಲ್ಲಿದ್ದ.

"ಬಸ್ಸಿನ ಅರ್ಧ ದಾಟಿದ್ದೆ ಅಪ್ಪ. ದಿನಾ ದಾಟೋ ಜಾಗಾನೇ," ಎಂದ ನಿಶಾಂತ್. ಮಾತು ತಡೆತಡೆದು ಬರುತ್ತಿತ್ತು. "ಎದುರಿಗೆ ದೂರದಲ್ಲಿ ಲಾರಿ ಇತ್ತು. ಅಷ್ಟು ದೂರ ಇದ್ರೆ ದಿನಾ ಆರಾಮಾಗಿ ಹೋಗ್ತಿದ್ದೆ. ಪೂರ್ತಿ ತಿರುವ್ದೆ. ಗಾಡಿ ಎಳೀಲೇ ಇಲ್ಲ."

ಋಷಭ್ ಮಂಚದ ಸರಳನ್ನು ಬಿಗಿಯಾಗಿ ಹಿಡಿದ. ನಿಶಾಂತ್ ಅದನ್ನು ನೋಡಿದ.

"ನೀನ್ ಬೇಜಾರು ಮಾಡ್ಕಬೇಡ ಋಷಭಣ್ಣ. ನೀನು ಚೆಂದಾನೇ ಮಾಡ್ಕೊಟ್ಟಿದ್ದೆ. ನಾನೇ ಗಡಿಬಿಡೀಲಿ ಗೇರ್ ತಪ್ಪಿ ಹಾಕಿರ್ಬೇಕು."

ರವೀಂದ್ರ ಬಾಯಿ ತೆರೆದ. ಹೇಳಿಬಿಡಬಾರದಿತ್ತೇ! 'ಇಲ್ಲ ಮಗಾ, ನಿಂದು ಎಂತದೂ ತಪ್ಪಿಲ್ಲ, ಅದು ನಾನು' ಎಂಬಷ್ಟೇ ಮಾತು. ಅದರ ಬದಲು ಮಗನ ಹೊದಿಕೆಯನ್ನು ಎದೆಯವರೆಗೆ ಎಳೆದು, ಋಷಭ್‌ನ ಮುಖ ನೋಡದೆ ಹೊರಗೆ ಬಂದ. ಋಷಭ್ ಹಿಂದೆಯೇ ಬಂದ.

ಹೊರಗಿನ ಬೆಂಚಿನ ಮೇಲೆ ಕೂತಿದ್ದ ನಿಶಾಂತ್‌ನ ಅಮ್ಮ ಯಶೋಧಾ ಧಡಕ್ಕನೆ ಎದ್ದಳು. ಅತ್ತು ಅತ್ತು ಅವಳ ಸ್ವರ ಬಿದ್ದುಹೋಗಿತ್ತು.

"ಮಾತಾಡಿದ್ನಾ? ಎಂತ ಅಂದ? ಹೆಂಗಾಯ್ತಂತೆ?"

ಋಷಭ್ ಒಮ್ಮೆ ರವೀಂದ್ರನ ಕಡೆ ನೋಡಿದ.

"ಗೇರ್ ತಪ್ಪಿ ಹಾಕಿದ್ನಂತೆ," ಎಂದ ರವೀಂದ್ರ ನೆಲ ನೋಡುತ್ತ. "ತಪ್ಪು ತನ್ನದೇ ಅಂತಾನೆ."

ಯಶೋಧಾ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ಎಷ್ಟು ಸಲ ಬಡ್ಕಂಡೆ ನಿಂಗೆ! ನಿಧಾನ ಹೋಗು, ನಿಧಾನ ಹೋಗು ಅಂತ ಎಷ್ಟು ಸಲ ಬಡ್ಕಂಡೆ!"

"ತಪ್ಪಾಯ್ತಮ್ಮ," ಎಂದು ಒಳಗೆ ನಿಶಾಂತ್ ಬಿಕ್ಕುತ್ತಿದ್ದ. "ಅಪ್ಪಂಗೂ ಹೇಳು, ತಪ್ಪಾಯ್ತು ಅಂತ."